ಒಂದು ವರ್ಷ ಸೇವೆಗೆ ಹೊರಟವರಿಗೆ: ಒಂದೇ ಸೂರಿನಡಿ ಬಾಳುವುದು, ದಿನವನ್ನು ತಿರುಗಿ ನೋಡುವುದು

ನಮ್ಮ ಮನೆಯ ಮೊದಲ ದೊಡ್ಡ ಜಗಳ ಮುದ್ದೆ ಪಾತ್ರೆಯದ್ದು. ರಾತ್ರಿ ಮುದ್ದೆ ತಿರುವಿದ ಪಾತ್ರೆಗೆ ನೀರು ಹಾಕದೆ ಬಿಟ್ಟರೆ ಬೆಳಿಗ್ಗೆ ಹಿಟ್ಟು ಸಿಮೆಂಟಿನ ಹಾಗೆ ಹಿಡಿದಿರುತ್ತದೆ. ಐದು ಜನ ಇದ್ದೆವು. ಬಿಟ್ಟವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಮೂರು ದಿನ ಆ ಪಾತ್ರೆ ಹಿತ್ತಲ ಕಲ್ಲಿನ ಮೇಲೆ ಹಾಗೇ ಕೂತಿತ್ತು. ನಾಲ್ಕನೇ ದಿನ ಸಂಜೆ ಎಲ್ಲರೂ ಪ್ರಾರ್ಥನೆಗೆ ಕೂತಾಗ ಒಬ್ಬಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಮೊದಲು ಆ ಪಾತ್ರೆ ಯಾರಾದ್ರೂ ತೊಳೀರಿ. ಆಮೇಲೆ ದೇವರು."

ಚಾಮರಾಜನಗರ ಜಿಲ್ಲೆಯಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಒಂದು ಊರಿನಲ್ಲಿ ನಾನು ಒಂದು ವರ್ಷ ಹೀಗೆ ಸ್ವಯಂಸೇವಕಿಯಾಗಿ ಇದ್ದೆ. ಆಮೇಲೆ ಬಂದ ಎರಡು ತಂಡಗಳಿಗೆ ಮನೆ ಹೊಂದಿಸಿಕೊಟ್ಟೆ. ಕೆಲಸ ಹೇಗೆ ಮಾಡಬೇಕು ಅಂತ ಸಂಸ್ಥೆಯವರು ತರಬೇತಿ ಕೊಡುತ್ತಾರೆ. ಸಂಜೆ ಆರರಿಂದ ಬೆಳಿಗ್ಗೆ ಒಂಬತ್ತರವರೆಗೆ ಹೇಗೆ ಬದುಕಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಈ ಬರಹ ಆ ಹದಿನೈದು ಗಂಟೆಗಳ ಬಗ್ಗೆ.

ಹೊರಡುವ ಮುಂಚೆ ಕೇಳಿಕೊಳ್ಳಿ

ಕಾಲೇಜಿನಲ್ಲಿ ಎನ್‌ಎಸ್‌ಎಸ್ ಮಾಡಿದವರಿಗೆ ಇದರ ರುಚಿ ಸ್ವಲ್ಪ ಗೊತ್ತು. ಎರಡು ವರ್ಷದಲ್ಲಿ 240 ಗಂಟೆ ಸೇವೆ, ನಡುವೆ ಏಳು ದಿನದ ಶಿಬಿರ. ಆದರೆ ಏಳು ದಿನ ಎಲ್ಲರೂ ಒಳ್ಳೆಯವರೇ. ನಲವತ್ತನೇ ದಿನಕ್ಕೆ ಒಬ್ಬರು ಚಹಾ ಹೀರುವ ಸದ್ದೂ ಸಹಿಸಲಾಗುವುದಿಲ್ಲ.

ದೀರ್ಘ ಕಾಲ ಹಳ್ಳಿಯಲ್ಲಿದ್ದು ಕೆಲಸ ಮಾಡುವ ದಾರಿಗಳು ಹಲವು ಇವೆ. ಎಸ್‌ಬಿಐ ಯೂತ್ ಫಾರ್ ಇಂಡಿಯಾ ಫೆಲೋಶಿಪ್ 13 ತಿಂಗಳದ್ದು. ನಮ್ಮಲ್ಲೇ ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ಡಾ. ಸುದರ್ಶನ್ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, 1984ರಲ್ಲಿ ಹುಟ್ಟಿ ಹೆಗ್ಗಡದೇವನಕೋಟೆಯ ಕಡೆ ಬೆಳೆದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಇವೆ. ಎರಡೂ ಎಳೆ ವಯಸ್ಸಿನ ಡಾಕ್ಟರುಗಳು ಕಾಡಂಚಿಗೆ ಹೋಗಿ ನಿಂತದ್ದರಿಂದ ಬೆಳೆದವು. ಈಗ ಯಾರನ್ನು, ಎಷ್ಟು ದಿನಕ್ಕೆ ತೆಗೆದುಕೊಳ್ಳುತ್ತಾರೆ ಅಂತ ನೇರವಾಗಿ ಬರೆದು ಕೇಳಿ.

ಕೇಳುವಾಗ ಸಂಬಳದ ಜೊತೆ ಇವನ್ನೂ ಕೇಳಿ. ಸ್ವಯಂಸೇವಕರು ಒಂದೇ ಮನೆಯಲ್ಲಿರುತ್ತಾರಾ, ಬೇರೆಬೇರೆಯಾ? ಅಡುಗೆ ಯಾರದು? ಪ್ರಾರ್ಥನೆಗೆ ಕೂರಲೇಬೇಕಾ? ಹುಡುಗಿಯರಿಗೆ ಬೇರೆ ಕೋಣೆ, ಒಳಗಿನಿಂದ ಚಿಲಕ ಇದೆಯಾ? ತೊಂದರೆಯಾದರೆ ಮನೆಯ ಹೊರಗಿನ ಯಾರಿಗೆ ಫೋನ್ ಮಾಡಬೇಕು? ಕೊನೆಯ ಪ್ರಶ್ನೆಗೆ ಒಬ್ಬರ ಹೆಸರು ಹೇಳಲು ಬಾರದ ಕಡೆಗೆ ನಾನಾದರೆ ಹೋಗುವುದಿಲ್ಲ.

ವಾರಕ್ಕೊಂದು ಸಂಜೆ ಮನೆಯವರೆಲ್ಲ ಕೂರುವ ಪದ್ಧತಿ ನಮಗೆ ದೂರದಿಂದ ಬಂತು. 1956ರಲ್ಲಿ ಅಮೆರಿಕದ ಅಲಾಸ್ಕಾದ ಒಂದು ಶಾಲೆಗೆ ನೆರವಾಗಲು ಹೋದ ಯುವಜನರಿಂದ ಜೆಸ್ಯೂಟ್ ವಾಲಂಟಿಯರ್ ಕೋರ್ ಎಂಬ ಕ್ಯಾಥೊಲಿಕ್ ಸ್ವಯಂಸೇವಕರ ಸಂಸ್ಥೆ ಬೆಳೆಯಿತು. ಅವರು ಹಿಡಿದುಕೊಂಡದ್ದು ನಾಲ್ಕು ಮಾತು: ಕೂಡಿ ಬಾಳುವುದು, ಸರಳವಾಗಿರುವುದು, ನ್ಯಾಯಕ್ಕೆ ನಿಲ್ಲುವುದು, ದೇವರ ಕಡೆ ಮನಸ್ಸು. ನಮ್ಮ ಮನೆಯ ಮಂಗಳೂರಿನ ಹುಡುಗಿಗೆ ಇದು ಗೊತ್ತಿತ್ತು. ಅವಳೇ ಶುರು ಮಾಡಿಸಿದಳು. ಪಾತ್ರೆಯ ಮಾತು ಹೇಳಿದವಳೂ ಅವಳೇ.

ಮೊದಲ ವಾರ: ಅಡುಗೆಮನೆಯ ಬಾಗಿಲ ಹಿಂದಿನ ಕಾಗದ

ಮೊದಲ ಭಾನುವಾರವೇ ಕೂತು ಮನೆಯ ಒಪ್ಪಂದ ಬರೆಯಿರಿ. ಎಲ್ಲರೂ ಇನ್ನೂ ಮರ್ಯಾದೆಯಿಂದ ಮಾತಾಡುತ್ತಿರುವಾಗಲೇ ಬರೆಯಬೇಕು. ಅಡುಗೆ ಯಾರ ಸರದಿ, ಪಾತ್ರೆ ಯಾರದು, ನೀರು ತುಂಬುವುದು, ಕಕ್ಕಸು ತೊಳೆಯುವುದು, ರಾತ್ರಿ ಎಷ್ಟು ಹೊತ್ತಿನವರೆಗೆ ಫೋನ್ ಮಾತು, ನೆಂಟರು ಬಂದರೆ ಎಲ್ಲಿ ಮಲಗುವುದು. ಅಡುಗೆ ಮಾಡಿದವರು ಆ ದಿನ ಪಾತ್ರೆ ತೊಳೆಯಬಾರದು. ತಿಂಗಳ ಕೊನೆಗೆ ಕಾಗದ ಕಿತ್ತು ಹೊಸದಾಗಿ ಬರೆಯಿರಿ, ಯಾಕೆಂದರೆ ಮೊದಲನೆಯದರಲ್ಲಿ ಅರ್ಧ ನಡೆಯುವುದಿಲ್ಲ.

ಊಟದ ವಿಷಯವನ್ನು ಮಾತ್ರ ಮುಂದಕ್ಕೆ ಹಾಕಬೇಡಿ. ಮೊಟ್ಟೆ ಮನೆಯೊಳಗೆ ಬೇಯಬಹುದಾ? ಮೀನು? ಬೇರೆ ಬಾಣಲೆ ಬೇಕಾ? ನಮ್ಮ ಕಡೆ ಈ ಪ್ರಶ್ನೆಗಳ ಬೆನ್ನಿಗೇ ಜಾತಿ ನಿಂತಿರುತ್ತದೆ. ಎಲ್ಲರೂ ಓದಿದವರು, ನಮ್ಮಲ್ಲಿ ಅದೆಲ್ಲ ಇಲ್ಲ ಅಂತ ನಗುತ್ತೇವೆ. ಆದರೆ ಒಬ್ಬರು ಇನ್ನೊಬ್ಬರ ಸರದಿಯ ದಿನವೇ "ಹಸಿವಿಲ್ಲ" ಅನ್ನುತ್ತಿದ್ದರೆ ಗಮನಿಸಿ.

ಗಾಂಧೀಜಿಗೂ ಇದು ಸುಲಭವಾಗಿರಲಿಲ್ಲ. 1915ರಲ್ಲಿ ಅಹಮದಾಬಾದಿನ ಕೋಚರಬ್‌ನಲ್ಲಿ ಆಶ್ರಮ ಶುರುವಾಗಿ ಕೆಲವೇ ತಿಂಗಳಿಗೆ ದೂದಾಭಾಯಿ, ದಾನಿಬೆಹನ್, ಅವರ ಪುಟ್ಟ ಮಗಳು ಲಕ್ಷ್ಮಿ ಅಲ್ಲಿಗೆ ಬಂದರು. ದಲಿತ ಕುಟುಂಬ. ಬಾವಿಯಲ್ಲಿ ನೀರು ಸೇದುವುದಕ್ಕೆ ಬೈಗುಳ ಬಂತು. ದುಡ್ಡು ಕೊಡುತ್ತಿದ್ದವರು ನಿಲ್ಲಿಸಿದರು. ಆಶ್ರಮದೊಳಗಿನ ಹೆಂಗಸರಿಗೂ, ಕಸ್ತೂರಬಾ ಅವರಿಗೂ ಇದು ಹಿಡಿಸಲಿಲ್ಲ. ಕೊನೆಗೆ ಒಬ್ಬ ಶೇಠರು ಕಾರಿನಲ್ಲಿ ಬಂದು 13,000 ರೂಪಾಯಿ ಕೊಟ್ಟುಹೋದದ್ದರಿಂದ ಆಶ್ರಮ ಉಳಿಯಿತು. ನನಗೆ ಇದರಲ್ಲಿ ಶೇಠರ ದುಡ್ಡಿಗಿಂತ ಜಾಸ್ತಿ ಕಾಣುವುದು ಒಳಗಿನ ಕಿರಿಕಿರಿ. ಬೆಳಿಗ್ಗೆ ಸಂಜೆ ಪ್ರಾರ್ಥನೆ ಮಾಡುವವರ ಮನೆಯಲ್ಲೂ ಒಲೆಯ ಹತ್ತಿರ ಬಂದಾಗ ಮನಸ್ಸು ಹಿಂಜರಿಯಿತು. ನಿಮ್ಮ ಮನೆಯಲ್ಲೂ ಹಾಗಾದರೆ ಗಾಬರಿ ಬೇಡ. ಮುಚ್ಚಿಡುವುದೂ ಬೇಡ.

ದಿನದ ಹದಿನೈದು ನಿಮಿಷ

ಇದು ಒಬ್ಬೊಬ್ಬರೇ ಮಾಡುವುದು. ಊಟವಾದ ಮೇಲೆ, ಮಲಗುವ ಮುಂಚೆ. ನಿದ್ದೆ ಎಳೆಯುವಷ್ಟು ತಡ ಮಾಡಬೇಡಿ.

ನಾವು ಬಳಸಿದ ಕ್ರಮ ಜೆಸ್ಯೂಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಅವರದ್ದು. ಆತ ಸ್ಪೇನಿನ ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಮಲಗಿದಲ್ಲೇ ಎರಡು ಬಗೆಯ ಕನಸು ಕಾಣುತ್ತಿದ್ದ. ಒಂದು, ಮತ್ತೆ ಕತ್ತಿ ಹಿಡಿದು ಮೆರೆಯುವುದು. ಇನ್ನೊಂದು, ಸಂತರ ಹಾಗೆ ಬದುಕುವುದು. ಎರಡೂ ಆ ಹೊತ್ತಿಗೆ ಖುಷಿಯೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು, ಎರಡನೆಯದರ ಖುಷಿ ಉಳಿಯುತ್ತಿತ್ತು. ಈ ವ್ಯತ್ಯಾಸ ಹಿಡಿಯುವುದೇ ಈ ಅಭ್ಯಾಸದ ಬೇರು. ಅದಕ್ಕೆ ಕ್ರೈಸ್ತರೇ ಆಗಿರಬೇಕಿಲ್ಲ. ನನ್ನ ಅಜ್ಜಿ ರಾತ್ರಿ ದೀಪ ತಣಿಸುವ ಮುಂಚೆ ದೇವರಿಗೆ ಆ ದಿನದ ವರದಿ ಒಪ್ಪಿಸುತ್ತಿದ್ದಳು, ಸೊಸೆಯ ಮೇಲಿನ ದೂರೂ ಸೇರಿ. ಅದೂ ಇದೇ.

1. ಸುಮ್ನೆ ಕೂತು ಈ ದಿನ ಸಿಕ್ಕ ಒಂದು ಒಳ್ಳೆಯದನ್ನು ಹೆಸರಿಟ್ಟು ನೆನೆಯಿರಿ. "ಎಲ್ಲವೂ" ಅನ್ನಬೇಡಿ. "ಕರೆಂಟು ಹೋದಾಗ ಪಕ್ಕದ ಮನೆಯವರು ಕೊಟ್ಟ ಮೇಣದ ಬತ್ತಿ" ಅನ್ನಿ.
2. ಇದ್ದದ್ದು ಇದ್ದ ಹಾಗೆ ಕಾಣಲಿ ಅಂತ ಬೇಡಿಕೊಳ್ಳಿ. ದೇವರನ್ನು ನಂಬದವರು ಹತ್ತು ಸಲ ನಿಧಾನವಾಗಿ ಉಸಿರಾಡಲಿ.
3. ಬೆಳಿಗ್ಗೆ ಎದ್ದಲ್ಲಿಂದ ದಿನವನ್ನು ನಡೆಯುತ್ತ ಬನ್ನಿ. ಎಲ್ಲಿ ಮನಸ್ಸು ಅರಳಿತು, ಎಲ್ಲಿ ಮುದುಡಿತು, ಅಲ್ಲಿ ನಿಲ್ಲಿ.
4. ಎಲ್ಲಿ ತಪ್ಪಿದೆ ಅಂತ ಒಂದು ಸಾಲು. ಒಂದೇ. ತನ್ನನ್ನು ತಾನು ಬಯ್ದುಕೊಳ್ಳುವುದರಲ್ಲೂ ಒಂದು ಚಟವಿದೆ.
5. ನಾಳೆ ಮಾಡುವ ಒಂದು ಸಣ್ಣ ಕೆಲಸ.

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಯಾರಿಗೂ ತೋರಿಸಬೇಕಿಲ್ಲ, ಹಾಗಾಗಿ ಚಂದ ಬರೆಯುವ ಹಂಗಿಲ್ಲ. ನನ್ನ ಮೊದಲ ತಿಂಗಳ ಪುಟಗಳನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. "ಇಂದು ಮಕ್ಕಳಿಗೆ ಪ್ರೀತಿ ಹಂಚಿದೆ" ಅಂತೆಲ್ಲ ಇದೆ. ಮೂರನೇ ತಿಂಗಳಲ್ಲಿ ಹೀಗಿದೆ: "ಮೂರನೇ ಕ್ಲಾಸಿನ ಹುಡುಗ ಊಟದ ತಟ್ಟೆ ತಂದು ನನ್ನ ಪಕ್ಕ ಕೂತ. ಮಾತಾಡಲಿಲ್ಲ. ಮಧ್ಯಾಹ್ನ ಅವನಿಗೇ ರೇಗಿದ್ದೆ." ಹೀಗೆ ಬರೆಯಲು ಶುರುವಾದ ಮೇಲೆ ನನಗೆ ಏನಾದರೂ ಕಾಣತೊಡಗಿತು.

ವಾರದ ಸಂಜೆ

ಇಲ್ಲಿ ನನ್ನ ಒಂದು ಹಟವಿದೆ. ವಾರಕ್ಕೆ ಎರಡು ಕೂಟ ಬೇಕು, ಎರಡನ್ನೂ ಬೆರೆಸಬಾರದು. ಒಂದು ಮನೆಯ ಲೆಕ್ಕಾಚಾರಕ್ಕೆ: ದುಡ್ಡು, ಗ್ಯಾಸು, ಪಾತ್ರೆ, ದೂರು. ಇನ್ನೊಂದು ಮನಸ್ಸಿನ ಮಾತಿಗೆ. ಮೊದಲು ಲೆಕ್ಕದ್ದು, ಒಂದೆರಡು ದಿನ ಬಿಟ್ಟು ಮನಸ್ಸಿನದ್ದು. ನಾವು ಸೋಮವಾರ ಜಗಳ, ಗುರುವಾರ ಮೌನ ಅಂತ ಕರೆಯುತ್ತಿದ್ದೆವು. ಹೊಟ್ಟೆಯೊಳಗೆ ದೂರು ಇಟ್ಟುಕೊಂಡವರಿಗೆ ಕಣ್ಣು ಮುಚ್ಚಿದರೆ ಮುದ್ದೆ ಪಾತ್ರೆಯೇ ಕಾಣುತ್ತದೆ, ನಾವೇ ನೋಡಿದ್ದೇವಲ್ಲ.

ಗುರುವಾರದ್ದು ಹೀಗೆ. ಏಳು ಗಂಟೆಗೆ ಎಲ್ಲರ ಫೋನೂ ಖಾಲಿ ಅಕ್ಕಿ ಡಬ್ಬಿಗೆ. ನೆಲದ ಮೇಲೆ ಚಾಪೆ, ನಡುವೆ ಒಂದು ದೀಪ. ಐದು ನಿಮಿಷ ಮೌನ. ಆ ವಾರ ನಡೆಸುವವರು ಏನಾದರೂ ತಂದಿರುತ್ತಾರೆ: ಒಂದು ವಚನ, ಒಂದು ತತ್ವಪದ, ಬೈಬಲ್ಲಿನ ಒಂದು ಕೀರ್ತನೆ, ಒಂದು ಪ್ರಶ್ನೆ. ಎರಡು ಸಲ ಓದುತ್ತಾರೆ, ವಿವರಿಸುವುದಿಲ್ಲ. ಮತ್ತೆ ಸ್ವಲ್ಪ ಮೌನ. ಆಮೇಲೆ ಒಬ್ಬೊಬ್ಬರೂ ಐದೈದು ನಿಮಿಷ ತಮ್ಮ ವಾರದ ಬಗ್ಗೆ ಮಾತಾಡಬೇಕು. ನಡುವೆ ಬಾಯಿ ಹಾಕುವಂತಿಲ್ಲ. ಮುಗಿದ ಮೇಲೂ ಬುದ್ಧಿ ಹೇಳುವಂತಿಲ್ಲ. "ನಾನಾಗಿದ್ರೆ ಹೀಗೆ ಮಾಡ್ತಿದ್ದೆ" ಅಂತೂ ಕೂಡದು. ಮಾತು ಬೇಡವೆಂದವರು "ಈ ಸಲ ಬಿಡಿ" ಅಂದರೆ ಬಿಡಬೇಕು. ಒಂದು ಗಂಟೆ ದಾಟಬಾರದು. ಆಮೇಲೆ ಎಲ್ಲರೂ ಒಟ್ಟಿಗೆ ಊಟ.

ಬುದ್ಧಿ ಹೇಳಬಾರದೆಂಬ ನಿಯಮ ಪಾಲಿಸಲು ನಮಗೆ ಎರಡು ತಿಂಗಳು ಹಿಡಿಯಿತು. ಹುಬ್ಬಳ್ಳಿಯ ಹುಡುಗ ಬಾಯಿ ತಡೆಯಲಾರದೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದ.

ಇದು ಹೊರಗಿನದು ಅಂತ ಅನ್ನಿಸಿದರೆ ಹನ್ನೆರಡನೇ ಶತಮಾನದ ಕಲ್ಯಾಣ ನೆನೆಯಿರಿ. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಅಕ್ಕಿ ಆಯುವ ಮಾರಯ್ಯ ಲಕ್ಕಮ್ಮ ಶರಣರ ನಡುವೆ ಕೂತು ಮಾತಾಡಿದರು. ಅವರ ಮಾತಿನ ತುಂಬ ಅವರವರ ಕಸುಬೇ ಇದೆ. ಅನುಭವ ಮಂಟಪ ಅನ್ನುವ ಹೆಸರನ್ನೇ ನೋಡಿ, ಕೇಳುವುದು ಅನುಭವವನ್ನು. ಹಾಗಾಗಿ ನಡೆಸುವವರಿಗೆ ಏನೂ ತೋಚದಿದ್ದರೆ ಒಂದೇ ಪ್ರಶ್ನೆ ಸಾಕು: ಈ ವಾರ ನಿನ್ನ ಕಾಯಕ ನಿನಗೆ ಏನು ತೋರಿಸಿತು?

ಬೇರೆಬೇರೆ ಧರ್ಮದವರಿದ್ದರೆ ಎಲ್ಲದರಿಂದ ಒಂದೊಂದು ಚಿಟಿಕೆ ಹಾಕಿ ಚಿತ್ರಾನ್ನ ಮಾಡಬೇಡಿ. ಅವರವರ ಸರದಿಯಲ್ಲಿ ಅವರವರದ್ದನ್ನು ಪೂರ್ತಿಯಾಗಿ ತರಲಿ, ಉಳಿದವರು ಅತಿಥಿಗಳಂತೆ ಕೂರಲಿ. ನನ್ನ ನಂತರದ ತಂಡದಲ್ಲಿ ಒಬ್ಬಳು ರಂಜಾನ್ ಉಪವಾಸ ಮಾಡುತ್ತಿದ್ದಳು. ಆ ತಿಂಗಳು ಸರದಿಯ ಕಾಗದವೇ ಬದಲಾಯಿತು. ಬೆಳಗಿನ ಜಾವ ಅವಳ ಜೊತೆ ಒಬ್ಬರಾದರೂ ಎದ್ದು ಒಲೆ ಹಚ್ಚುತ್ತಿದ್ದರು. ಹಾಗೆ ಎದ್ದವರ ನಡುವೆ ಆ ಹೊತ್ತಿನಲ್ಲಿ ಆದ ಮಾತು ಯಾವ ಗುರುವಾರದಲ್ಲೂ ಆಗಲಿಲ್ಲವಂತೆ.

ದೇವರನ್ನು ನಂಬದವರನ್ನೂ ನಡೆಸಲು ಬಿಡಿ. ನಮ್ಮಲ್ಲಿ ಹಾಗೊಬ್ಬನಿದ್ದ. ಅವನ ಸರದಿ ಬಂದಾಗ ಊರಿನ ಒಂದು ಮನೆಯ ಹರಿದ ರೇಷನ್ ಕಾರ್ಡಿನ ಜೆರಾಕ್ಸ್ ತಂದು ದೀಪದ ಪಕ್ಕ ಇಟ್ಟ. "ಇದರ ಮುಂದೆ ಐದು ನಿಮಿಷ ಕೂರೋಣ" ಅಂದ. ಅಷ್ಟೇ. ಆ ಸಂಜೆ ನನಗೆ ಇನ್ನೂ ನೆನಪಿದೆ.

ಜಗಳ ಬಂದಾಗ

ಬಂದೇ ಬರುತ್ತದೆ. ಒಂದು ನಿಯಮ ಮಾತ್ರ ಗಟ್ಟಿಯಾಗಿ ಹಿಡಿಯಿರಿ: ಮೂರನೆಯವರಿಗೆ ಹೇಳುವ ಮುಂಚೆ ಸಂಬಂಧಪಟ್ಟವರಿಗೇ ಹೇಳಬೇಕು. ನಾನು ಇದನ್ನು ಮುರಿದೆ. ಕೇರಳದಿಂದ ಬಂದಿದ್ದ ನರ್ಸ್ ಅಕ್ಕನ ಬಗ್ಗೆ ಇನ್ನಿಬ್ಬರ ಹತ್ತಿರ ಒಂದು ತಿಂಗಳು ಗೊಣಗಿದೆ. ಅವರಿಗೆ ಅದು ಗೊತ್ತಾದದ್ದು ಸಂತೆಯಲ್ಲಿ, ಟೊಮೆಟೊ ಆರಿಸುವಾಗ. ಏನೂ ಅನ್ನದೆ ಚೀಲ ನನ್ನ ಕೈಗೆ ಕೊಟ್ಟು ಬಸ್ ಹತ್ತಿ ಹೋದರು. ಸರಿಹೋಗಲು ಆರು ವಾರ ಬೇಕಾಯಿತು.

ಮಾತಾಡುವಾಗ "ನೀನು ಯಾವಾಗ್ಲೂ ಹಿಂಗೇ" ಅನ್ನಬೇಡಿ. "ನಿನ್ನೆ ರಾತ್ರಿ ಹನ್ನೊಂದಕ್ಕೆ ಫೋನ್ ಜೋರಾಗಿತ್ತು, ನನಗೆ ನಿದ್ದೆ ಬರಲಿಲ್ಲ" ಅನ್ನಿ. ದಿನ, ಹೊತ್ತು, ಆದದ್ದು. ಕ್ಷಮೆ ಕೇಳುವಾಗ "ಆದರೆ" ಬಳಸಬೇಡಿ.

ಇನ್ನೊಂದು ಮಾತು. ಮೈ ಮುಟ್ಟುವುದು, ಹೆದರಿಸುವುದು, ಕುಡಿದು ಬರುವುದು, ಜಾತಿ ಹಿಡಿದು ಬಯ್ಯುವುದು ಜಗಳವಲ್ಲ. ಅದನ್ನು ಗುರುವಾರದ ಚಾಪೆಗೆ ತರಬೇಡಿ, ಹೊಂದಿಕೊಂಡು ಹೋಗಲೂ ಬೇಡಿ. ಹೊರಗಿನವರಿಗೆ ಅವತ್ತೇ ಹೇಳಿ, ಬೇಕಾದರೆ ಗಂಟುಮೂಟೆ ಕಟ್ಟಿ.

ಸರಳ ಬದುಕು, ನಾಟಕವಿಲ್ಲದೆ

ಮಾರಯ್ಯ ದಿನವೂ ಕೆಳಗೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ. ಒಂದು ದಿನ ಎಂದಿಗಿಂತ ಜಾಸ್ತಿ ತಂದ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು. ಈ ಕತೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ಬಳಸಿದ್ದು ಹೀಗೆ: ಎಲ್ಲರೂ ಸಮನಾಗಿ ದುಡ್ಡು ಹಾಕುವ ಒಂದು ಡಬ್ಬಿ, ತಿಂಗಳ ಕೊನೆಗೆ ಉಳಿದದ್ದನ್ನು ಏನು ಮಾಡುವುದು ಅಂತ ಸೋಮವಾರ ತೀರ್ಮಾನ. ಹೊಸ ವಸ್ತು ಕೊಳ್ಳುವ ಮುಂಚೆ ಒಂದು ವಾರ ಕಾಯುವುದು.

ಬಡವರ ಹಾಗೆ ನಟಿಸಬೇಡಿ ಮಾತ್ರ. ನಿಮ್ಮ ಬ್ಯಾಂಕಿನಲ್ಲಿ ದುಡ್ಡಿದೆ, ಸಾಕಾದರೆ ಸಂಜೆ ಬಸ್ಸಿಗೆ ಮನೆಗೆ ಹೋಗಬಹುದು. ಊರಿನವರಿಗೆ ಅದು ಚೆನ್ನಾಗಿ ಗೊತ್ತು. ಮಕ್ಕಳ ಹರಿದ ಅಂಗಿಯ ಫೋಟೊ ಸ್ಟೇಟಸ್‌ಗೆ ಹಾಕುವುದನ್ನು ಮೊದಲ ದಿನವೇ ಮನೆಯ ಕಾಗದದಲ್ಲಿ ನಿಷೇಧಿಸಿ.

ಊರಿನವರ ಜೊತೆ ಕೂರುವುದು

ಐದು ಜನರ ಮನೆ ಚೆನ್ನಾಗಿ ಹೊಂದಿಕೊಂಡರೆ ಒಂದು ಅಪಾಯವಿದೆ. ಅದೊಂದು ಪುಟ್ಟ ಮಠವಾಗಿಬಿಡುತ್ತದೆ, ಊರು ಹೊರಗೇ ಉಳಿಯುತ್ತದೆ. ವಾರದಲ್ಲಿ ಒಂದು ಸಂಜೆಯಾದರೂ ಕೆಲಸವಿಲ್ಲದೆ ಊರಿನೊಳಗೆ ಹೋಗಿ. ಪುಸ್ತಕ, ಪೆನ್ನು, ಸರ್ವೆ ಫಾರಂ ಏನೂ ಬೇಡ.

ಬೆಟ್ಟದ ಆದಿವಾಸಿಗಳಾದ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಸಣ್ಣ ಊರುಗಳಿಗೆ, ನಾನು ಹೀಗೆ ಹೋಗುತ್ತಿದ್ದೆ. ಸೋಲಿಗರ ಪಾಲಿಗೆ ಬಿಳಿಗಿರಿ ರಂಗಯ್ಯ ದೂರದ ದೇವರಲ್ಲ. ಅವನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. ಹಾಗಾಗಿ ಅವರಿಗೆ ಬಾವ. ಬಾವನ ಹತ್ತಿರ ಇರುವ ಸಲಿಗೆ, ತಮಾಷೆ ಎಲ್ಲವೂ ಅವನ ಜೊತೆ ಉಂಟು. ಕಾಡಿನೊಳಗೆ ಭಾರ್ಗವಿ ಹೊಳೆಯ ದಂಡೆಯ ದೊಡ್ಡ ಸಂಪಿಗೆ ಮರವೂ ಅವರಿಗೆ ದೇವರೇ.

ಒಂದು ಸಂಜೆ ಒಬ್ಬ ಅಜ್ಜಿ ಅವರೆಕಾಳು ಬಿಡಿಸುತ್ತ ಕೇಳಿದರು: "ರಂಗಪ್ಪ ನಮಗೆ ಬಾವ. ನಿನ್ನ ದೇವ್ರು ನಿಂಗೇನಾಗ್ಬೇಕವ್ವ?"

ನಾನು ಆರು ತಿಂಗಳಿಂದ ದಿನವೂ ಧ್ಯಾನ, ಡೈರಿ ಅಂತ ಕೂತವಳು. ಉತ್ತರ ಬರಲಿಲ್ಲ. ಆ ಗುರುವಾರ ಇದೇ ಪ್ರಶ್ನೆಯನ್ನು ಚಾಪೆಗೆ ತಂದೆ. ಒಂದು ಗಂಟೆ ದಾಟಬಾರದೆಂಬ ನಿಯಮ ಅವತ್ತೊಂದು ದಿನ ಮುರಿಯಿತು.

ಕೇಳುತ್ತ ಹೋದರೆ ಭಕ್ತಿಯ ಪಕ್ಕದಲ್ಲೇ ಬೇರೆ ಮಾತೂ ಬರುತ್ತದೆ. ಈ ಕಾಡು 2011ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಸೋಲಿಗರು ಅರಣ್ಯ ಹಕ್ಕು ಕಾಯ್ದೆಯಡಿ ತಮ್ಮ ಸಮುದಾಯದ ಹಕ್ಕು ಪಡೆದರು. ಬಾವನ ಬೆಟ್ಟದಲ್ಲಿ ಜೇನು ಕೀಳಲು ಕಾಗದ ಬೇಕಾದದ್ದು ಯಾಕೆ ಅಂತ ಕೇಳದೆ ಬರೀ ಮನಶ್ಶಾಂತಿ ಹುಡುಕುವುದು ನನಗೆ ಸರಿ ಕಾಣುವುದಿಲ್ಲ.

ನಡುವಿನ ಒಣ ತಿಂಗಳುಗಳು

ನಾಲ್ಕರಿಂದ ಏಳನೇ ತಿಂಗಳ ನಡುವೆ ಎಲ್ಲೋ ಒಂದು ಕಡೆ ಬತ್ತಿಹೋಗುತ್ತದೆ. ಹೊಸತನ ಮುಗಿದಿರುತ್ತದೆ, ಕೆಲಸದ ಫಲ ಕಾಣುವುದಿಲ್ಲ, ಗೆಳೆಯರು ಬೆಂಗಳೂರಿನಲ್ಲಿ ಗಾಡಿ ಕೊಂಡ ಫೋಟೊ ಬರುತ್ತದೆ. ಇಗ್ನೇಷಿಯಸ್ ಹೇಳಿದ ಒಂದು ಬುದ್ಧಿಮಾತು ಆಗ ಕೆಲಸಕ್ಕೆ ಬರುತ್ತದೆ: ಮನಸ್ಸು ಒಣಗಿದಾಗ ದೊಡ್ಡ ತೀರ್ಮಾನ ಬದಲಿಸಬೇಡ. ಬಿಟ್ಟು ಹೋಗಬೇಕೆನಿಸಿದರೆ ತಾರೀಕು ಬರೆದಿಟ್ಟು ಎರಡು ವಾರ ಕಾಯಿರಿ. ಹಿತವಾದ ಒಂದು ದಿನವೂ ಹಾಗೇ ಅನ್ನಿಸಿದರೆ ಹೋಗಿ, ತಪ್ಪಿಲ್ಲ.

ತಿಂಗಳಿಗೊಮ್ಮೆ ಅರ್ಧ ದಿನ ಮನೆಯವರೆಲ್ಲ ಮಾತು ಬಿಡಿ. ಗಾಂಧೀಜಿ ಸೋಮವಾರ ಪೂರ್ತಿ ಮೌನವಿರುತ್ತಿದ್ದರು, ನಮಗೆ ಅರ್ಧ ದಿನ ಸಾಕು. ಮನೆಯ ಹೊರಗಿನ ಒಬ್ಬ ಹಿರಿಯರ ಹತ್ತಿರ ತಿಂಗಳಿಗೊಂದು ಸಲ ಮನಸ್ಸು ಬಿಚ್ಚಿ. ನನಗೆ ಹಾಗೆ ಸಿಕ್ಕವರು ಒಬ್ಬ ನಿವೃತ್ತ ಮೇಷ್ಟ್ರು. ಅವರು ಉಪದೇಶ ಮಾಡುತ್ತಿರಲಿಲ್ಲ, ಕಾಫಿ ಮಾಡುತ್ತಿದ್ದರು.

ಆದರೆ ನಿದ್ದೆ ಪೂರ್ತಿ ಕೆಟ್ಟರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದಕ್ಕೆ ಡೈರಿ ಮದ್ದಲ್ಲ. ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಹೊರಡುವ ತಿಂಗಳು

ಮಕ್ಕಳಿಗೆ ತಾರೀಕನ್ನು ಒಂದು ತಿಂಗಳು ಮುಂಚೆಯೇ ಹೇಳಿ. "ಮತ್ತೆ ಬರ್ತೀನಿ" ಅಂತ ಮಾತು ಕೊಡಬೇಡಿ, ಬರುವುದಾದರೆ ಸುಮ್ಮನೆ ಬನ್ನಿ. ಕೊನೆಯ ಗುರುವಾರ ಒಬ್ಬೊಬ್ಬರೂ ಉಳಿದ ನಾಲ್ವರಿಂದ ತಮಗೆ ಸಿಕ್ಕ ಒಂದೊಂದನ್ನು ಹೆಸರು ಹಿಡಿದು ಹೇಳಲಿ. ನರ್ಸ್ ಅಕ್ಕ ನನಗೆ ಹೇಳಿದ್ದು, "ಜಗಳ ಆದ ಮೇಲೂ ನನ್ನ ಪಾಲಿನ ಹಾಲು ಎತ್ತಿಟ್ಟಿರ್ತಿದ್ದೆ." ಅದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ನೋಟ್‌ಬುಕ್ ನಿಮ್ಮ ಜೊತೆ ಹೋಗಲಿ. ಬಾಗಿಲ ಹಿಂದಿನ ಕಾಗದ ಅಲ್ಲೇ ಇರಲಿ. ಅದರ ಕೆಳಗೆ ಹೊಸಬರಿಗೆ ಬೇಕಾದದ್ದನ್ನು ಬರೆಯಿರಿ: ಗ್ಯಾಸ್ ಪುಸ್ತಕ ಎಲ್ಲಿದೆ, ನೀರು ಯಾವ ಹೊತ್ತಿಗೆ ಬರುತ್ತದೆ, ಮಳೆಗಾಲದಲ್ಲಿ ಯಾವ ಮೂಲೆ ಸೋರುತ್ತದೆ, ಯಾವ ಅಜ್ಜಿಯ ಮನೆಗೆ ಮೊದಲು ಹೋಗಬೇಕು. ಮುದ್ದೆ ಕೋಲು ಎಲ್ಲಿಟ್ಟಿದೆ ಅಂತಲೂ ಬರೆಯಿರಿ. ನಮಗೆ ಅದು ಸಿಗಲು ಎರಡು ದಿನ ಹಿಡಿದಿತ್ತು, ಅಷ್ಟು ದಿನ ಅನ್ನವನ್ನೇ ತಿಂದೆವು.